ಕ್ಲಾರಾ ಶೂಮನ್ ಸಂಗೀತಕ್ಕೆ ಯಾವ ಬಾಗಿಲಿಂದ ಹೋಗುವುದು? ರಾಬರ್ಟ್, ಮೆಂಡೆಲ್‌ಸನ್, ಯೋಆಕಿಮ್, ಬ್ರಾಮ್ಸ್: ನಾಲ್ಕು ದಾರಿಗಳ ಹೋಲಿಕೆ

‘ಶೂಮನ್ ಓಪಸ್ 17’ ಎಂದು ಹುಡುಕಿ ನೋಡಿ. (ಓಪಸ್ ಎಂದರೆ ಸಂಗೀತ ಬರೆದವರ ಕೃತಿಗೆ ಕೊಡುವ ಕ್ರಮಸಂಖ್ಯೆ.) ಸಿಗುವುದು ರಾಬರ್ಟ್ ಶೂಮನ್‌ನ ಸಿ ಮೇಜರ್ ಫ್ಯಾಂಟಸಿ. ಆದರೆ ಅವನ ಹೆಂಡತಿ, ಪಿಯಾನೋ ವಿದುಷಿ ಕ್ಲಾರಾ ಶೂಮನ್‌ಳ ಪಿಯಾನೋ ಟ್ರಯೊ (ಪಿಯಾನೋ, ಪಿಟೀಲು, ಚೆಲ್ಲೊ ಮೂರು ಸೇರಿದ ಕೃತಿ) ಕೂಡ ಓಪಸ್ 17. ಓಪಸ್ 6 ಅಂದರೆ ಗಂಡನ ‘ಡಾವಿಡ್ಸ್‌ಬ್ಯುಂಡ್ಲರ್ ಟೆಂಟ್ಸ’, ಹೆಂಡತಿಯ ‘ಸುವಾರೇ ಮ್ಯೂಸಿಕಾಲ್’. ಓಪಸ್ 20 ಅವನ ‘ಹ್ಯೂಮರೆಸ್ಕ’, ಅವಳ ವೇರಿಯೇಶನ್‌ಗಳು (ಒಂದೇ ರಾಗವನ್ನು ಬಗೆಬಗೆಯಾಗಿ ಮಾರ್ಪಡಿಸಿದವು). 22 ಅವನ ಜಿ ಮೈನರ್ ಸೊನಾಟಾ, ಅವಳ ಪಿಟೀಲು ರೊಮಾನ್ಸ್‌ಗಳು. ಸಾಲದ್ದಕ್ಕೆ ಇಬ್ಬರೂ ಪಿಯಾನೋ ಕನ್ಸರ್ಟೊ (ಆರ್ಕೆಸ್ಟ್ರಾ ಜೊತೆ ನುಡಿಸುವ ಕೃತಿ) ಬರೆದಿರುವುದು ಎ ಮೈನರ್‌ನಲ್ಲೇ: ಅವಳದು ಓಪಸ್ 7, ಅವನದು ಓಪಸ್ 54. ಹಾಗಾಗಿ ಓಪಸ್ ಸಂಖ್ಯೆಯ ಜೊತೆ ‘ಕ್ಲಾರಾ’ ಅಥವಾ ಆಕೆಯ ತವರಿನ ಹೆಸರು ‘ವೀಕ್’ ಸೇರಿಸದೆ ಹುಡುಕಲೇಬೇಡಿ. ತಪ್ಪು ಸ್ವರಲಿಪಿ ಮುದ್ರಿಸಿಕೊಂಡು ವಾರಗಟ್ಟಲೆ ಕೂರುವ ಫಜೀತಿ ತಪ್ಪುತ್ತದೆ.

ಆಕೆ ಸಂಖ್ಯೆ ಕೊಟ್ಟು ಅಚ್ಚು ಹಾಕಿಸಿದ್ದು ಓಪಸ್ 1ರಿಂದ 23ರವರೆಗೆ ಮಾತ್ರ. ಸಣ್ಣ ಕಪಾಟು, ಮನಸ್ಸು ಮಾಡಿದರೆ ಒಂದು ವಾರಾಂತ್ಯದಲ್ಲಿ ಕೇಳಿ ಮುಗಿಸಬಹುದು. ಹಾಗೆಂದು ಒಂದರಿಂದ ಹಿಡಿದು ಸಾಲಾಗಿ ಕೇಳುತ್ತಾ ಹೋಗುವುದು ಒಳ್ಳೆಯ ದಾರಿಯಲ್ಲ. ಮೊದಲ ಕೆಲವು ಕೃತಿಗಳು ಹತ್ತು-ಹದಿಮೂರು ವಯಸ್ಸಿನ ಹುಡುಗಿ ಕಛೇರಿಯಲ್ಲಿ ನುಡಿಸಿ ಚಪ್ಪಾಳೆ ಗಿಟ್ಟಿಸಲು ಬರೆದವು. ಅಲ್ಲೇ ಬೇಸರ ಬಂದು ನಿಲ್ಲಿಸಿದವರು ಬಹಳ. ಕ್ಲಾರಾಳ ಒಂದು ಕೃತಿ, ಅದಕ್ಕೆ ನಂಟಿರುವ ಗೆಳೆಯನ ಒಂದು ಕೃತಿ, ಹೀಗೆ ಜೋಡಿಯಾಗಿ ಹಿಡಿಯುವುದು ಲೇಸು. ಯಾಕೆಂದರೆ ಇವರು ಕಾಗದ ಬರೆದಷ್ಟೇ ಸಲೀಸಾಗಿ ಒಬ್ಬರ ರಾಗವನ್ನು ಇನ್ನೊಬ್ಬರು ತಮ್ಮ ಕೃತಿಯೊಳಗೆ ಇಟ್ಟು ಕಳಿಸುತ್ತಿದ್ದರು.

ಹಿನ್ನೆಲೆ ಬೇಕಾದಷ್ಟೇ: ಹುಟ್ಟಿದ್ದು ಲೈಪ್‌ಜಿಗ್‌ನಲ್ಲಿ, 1819ರ ಸೆಪ್ಟೆಂಬರ್ 13. ಅಪ್ಪ ಫ್ರೀಡ್ರಿಕ್ ವೀಕ್ ಪಿಯಾನೋ ಮೇಷ್ಟರು. ಒಂಬತ್ತನೇ ವಯಸ್ಸಿಗೆ ಅದೇ ಊರಿನ ಗೆವಾಂಡ್‌ಹೌಸ್ ಸಭಾಂಗಣದ ವೇದಿಕೆ, ಹದಿನೆಂಟಕ್ಕೆ ವಿಯೆನ್ನಾದಲ್ಲಿ ರಾಜಾಸ್ಥಾನದ ಬಿರುದು. ಅಪ್ಪನ ವಿರುದ್ಧ ಕೋರ್ಟಿನಲ್ಲಿ ಗೆದ್ದು 1840ರ ಸೆಪ್ಟೆಂಬರ್ 12ರಂದು ರಾಬರ್ಟ್ ಜೊತೆ ಮದುವೆ. ಮಾರನೇ ದಿನ ಆಕೆಗೆ 21 ತುಂಬಿತು. ಎಂಟು ಮಕ್ಕಳು. 1854ರಲ್ಲಿ ರಾಬರ್ಟ್ ರೈನ್ ನದಿಗೆ ಹಾರಿ, ಬದುಕುಳಿದು, ಬಾನ್ ಬಳಿಯ ಎಂಡೆನಿಕ್ ಆಸ್ಪತ್ರೆ ಸೇರಿದ. 1856ರ ಜುಲೈ 29ರಂದು ತೀರಿಕೊಂಡ. ಅಲ್ಲಿಂದಾಚೆ ಕ್ಲಾರಾ ಬರೆದದ್ದು ಬೆರಳೆಣಿಕೆ, ನುಡಿಸಿದ್ದು ಮಾತ್ರ 1891ರವರೆಗೆ. ಆಕೆ ಜೋಪಾನವಾಗಿಟ್ಟ ಕಛೇರಿಗಳ ಕಾರ್ಯಕ್ರಮ ಪತ್ರಿಕೆಗಳೇ 1,300ಕ್ಕೂ ಹೆಚ್ಚು.

ರಾಬರ್ಟ್ ದಾರಿ: ಚಿಕ್ಕ ತುಣುಕುಗಳು, ಬಚ್ಚಿಟ್ಟ ಸಂಕೇತಗಳು

ಇಲ್ಲಿ ಹಿಡಿಯಬೇಕಾದ್ದು ಕ್ಲಾರಾಳ ಓಪಸ್ 6, ಆರು ತುಣುಕುಗಳು, 1836ರಲ್ಲಿ ಅಚ್ಚಾದವು. ಐದನೆಯದು ಜಿ ಮೇಜರ್ ಮಝುರ್ಕಾ. ಅದರ ಮೊದಲ ಸಾಲನ್ನು ರಾಬರ್ಟ್ 1837ರ ‘ಡಾವಿಡ್ಸ್‌ಬ್ಯುಂಡ್ಲರ್ ಟೆಂಟ್ಸ’ದ ಬಾಗಿಲಲ್ಲೇ ಕೂರಿಸಿದ, ಅದು ‘ಸಿ. ವಿ.’ಯ ಸಾಲು ಎಂದು ಸ್ವರಲಿಪಿಯಲ್ಲಿ ಗುರುತೂ ಇದೆ. ಓಪಸ್ 6ಕ್ಕೆ ಓಪಸ್ 6ರ ಉತ್ತರ. ಎರಡನೆಯದು ಎಫ್ ಮೇಜರ್ ನಾಕ್ಟರ್ನ್. ಮೇಲಿನ ಸಿ ಸ್ವರದಿಂದ ಎಫ್‌ವರೆಗೆ ಐದು ಮೆಟ್ಟಿಲು ಇಳಿಯುವ ಅದರ ರಾಗ ರಾಬರ್ಟ್‌ನ ಓಪಸ್ 21ರ ಎಂಟನೇ ನೊವೆಲೆಟ್‌ನಲ್ಲಿ ಮತ್ತೆ ಬರುತ್ತದೆ. ಅಲ್ಲಿ ಅವನು ಬರೆದಿರುವ ಸೂಚನೆಯ ಅರ್ಥ ‘ದೂರದ ದನಿ’. ಆ ಹೊತ್ತಿಗೆ ಅಪ್ಪ ಇಬ್ಬರನ್ನೂ ಬೇರೆ ಮಾಡಿದ್ದ.

ಅನುಕೂಲವೆಂದರೆ ತುಣುಕುಗಳು ಚಿಕ್ಕವು, ಬಿಡಿಬಿಡಿಯಾಗಿ ಕಲಿಯಬಹುದು. ತೊಡಕು ಏನೆಂದರೆ ಈ ವಯಸ್ಸಿನ ಕ್ಲಾರಾಳ ಮೇಲೆ ಶೊಪಾನ್ ನೆರಳು ದಟ್ಟವಾಗಿದೆ. ಇದೊಂದನ್ನೇ ಕೇಳಿದವರು ‘ಶೊಪಾನ್ ತರಹ’ ಎಂದು ಪಟ್ಟಿ ಹಚ್ಚಿ ಎದ್ದುಬಿಡುತ್ತಾರೆ. ನಾಕ್ಟರ್ನ್ ನುಡಿಸುವವರು ಸಾಮಾನ್ಯವಾಗಿ ಎಡವುವುದು ಎಡಗೈಯಲ್ಲಿ. 6/8ರ ತೂಗುಯ್ಯಾಲೆ ಸ್ವಲ್ಪ ಭಾರವಾದರೂ ಮೇಲಿನ ಇಳಿಜಾರು ಸಾಲು ಮುಳುಗಿಹೋಗುತ್ತದೆ. ಎಡಗೈಯನ್ನು ಒಂಟಿಯಾಗಿ, ಪಕ್ಕದ ಕೋಣೆಯಲ್ಲಿ ಮಲಗಿದವರು ಏಳದಷ್ಟು ಮೆಲ್ಲಗೆ, ವಾರವಿಡೀ ನುಡಿಸಿ. ಬಲಗೈ ಆಮೇಲೆ ಬರಲಿ.

ಮೆಂಡೆಲ್‌ಸನ್ ದಾರಿ: ಕನ್ಸರ್ಟೊವೋ, ಟ್ರಯೊವೋ?

1835ರ ನವೆಂಬರ್ 9ರಂದು ಗೆವಾಂಡ್‌ಹೌಸ್‌ನಲ್ಲಿ ಸಂಗೀತರಚನೆಕಾರ ಮೆಂಡೆಲ್‌ಸನ್ ಆರ್ಕೆಸ್ಟ್ರಾ ನಡೆಸಿದ, ಹದಿನಾರರ ಕ್ಲಾರಾ ತನ್ನದೇ ಎ ಮೈನರ್ ಕನ್ಸರ್ಟೊ ನುಡಿಸಿದಳು. ಬರೆಯಲು ಶುರುಮಾಡಿದ್ದು ಹದಿಮೂರಕ್ಕೆ, ಅದೂ ಕೊನೆಯ ಭಾಗದಿಂದ. ಅದಕ್ಕೇ ಕೃತಿಯ ತೂಕ ಹಿಂಬದಿಗೆ ವಾಲಿದೆ: ಒಟ್ಟು ಇಪ್ಪತ್ತು-ಇಪ್ಪತ್ತೆರಡು ನಿಮಿಷದಲ್ಲಿ ಸುಮಾರು ಅರ್ಧ ಕೊನೆಯ ಭಾಗದ್ದೇ. ಮೊದಲ ಭಾಗ ಆರಂಭದ ರಾಗಕ್ಕೆ ವಾಡಿಕೆಯಂತೆ ಮರಳದೆ ನೇರವಾಗಿ ನಡುಭಾಗಕ್ಕೆ ಜಾರುತ್ತದೆ, ಶ್ರುತಿಯೂ ಎ ಮೈನರ್‌ನಿಂದ ಎ ಫ್ಲಾಟ್ ಮೇಜರ್‌ಗೆ. ನಡುಭಾಗದಲ್ಲಿ ಆರ್ಕೆಸ್ಟ್ರಾ ಕೈಕಟ್ಟಿ ಕೂರುತ್ತದೆ. ಪಿಯಾನೋ ಒಂದೇ ಹಾಡಿಕೊಂಡು, ಆಮೇಲೆ ಒಂದೇ ಒಂದು ಚೆಲ್ಲೊ ಜೊತೆಗೂಡುತ್ತದೆ. ಚೆಲ್ಲೊ ನುಡಿಸುವ ಗೆಳೆಯರಿದ್ದರೆ ಈ ರೊಮಾನ್ಸನ್ನು ಮನೆಯ ಹಜಾರದಲ್ಲೇ, ಮೂಲದಲ್ಲಿ ಇರುವ ಹಾಗೆಯೇ ನುಡಿಸಬಹುದು. ದೊಡ್ಡ ಕನ್ಸರ್ಟೊದ ಒಂದು ಭಾಗ ಹೀಗೆ ಇಬ್ಬರ ಕೈಗೆ ಸಿಗುವುದು ಅಪರೂಪ. ಬ್ರಾಮ್ಸ್‌ನ ಎರಡನೇ ಪಿಯಾನೋ ಕನ್ಸರ್ಟೊದ ನಿಧಾನ ಭಾಗದಲ್ಲೂ ಒಂಟಿ ಚೆಲ್ಲೊ ಹಾಡುತ್ತದೆ; ಎರಡನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ. ಕನ್ಸರ್ಟೊಗೆ ಇಸಾಟಾ ಕನ್ನೆ-ಮೇಸನ್ ಲಿವರ್‌ಪೂಲ್ ಆರ್ಕೆಸ್ಟ್ರಾ ಜೊತೆ ಮಾಡಿ 2019ರಲ್ಲಿ ಬಂದ ಧ್ವನಿಮುದ್ರಣ ಸಾಕು.

ಆದರೂ ಕನ್ಸರ್ಟೊ, ಟ್ರಯೊ ಎರಡರಲ್ಲಿ ಒಂದನ್ನೇ ಆರಿಸುವುದಾದರೆ ಟ್ರಯೊ ಆರಿಸಿ. ಕನ್ಸರ್ಟೊದಲ್ಲಿ ಪ್ರತಿಭೆ ಇದೆ, ಟ್ರಯೊದಲ್ಲಿ ಕಟ್ಟುವ ಕೈ ಇದೆ. 1845ರಲ್ಲಿ ಗಂಡಹೆಂಡಿರು ಡ್ರೆಸ್ಡೆನ್‌ನಲ್ಲಿ ಕೂತು ಕೌಂಟರ್‌ಪಾಯಿಂಟ್, ಅಂದರೆ ಹಲವು ದನಿಗಳನ್ನು ಒಟ್ಟಿಗೆ ಹೆಣೆಯುವ ವಿದ್ಯೆ, ಅಭ್ಯಾಸ ಮಾಡಿದರು. ಆಕೆಯ ಓಪಸ್ 16ರ ಮೂರು ಪ್ರೆಲ್ಯೂಡ್-ಫ್ಯೂಗ್‌ಗಳು ಆ ಪಾಠದ ಫಲ. ಮರುವರ್ಷದ ಜಿ ಮೈನರ್ ಟ್ರಯೊದ ಕೊನೆಯ ಭಾಗದಲ್ಲಿ ಒಂದು ಫ್ಯೂಗ್ ಮಾದರಿಯ ಹಾದಿ ಇದೆ: ಒಂದು ವಾದ್ಯ ಎತ್ತಿದ ರಾಗವನ್ನು ಇನ್ನೊಂದು, ಮತ್ತೊಂದು ಎತ್ತಿಕೊಳ್ಳುತ್ತಾ ಬರುತ್ತವೆ. ಪಿಟೀಲುಗಾರ ಯೋಆಕಿಮ್ ಮುಂದೆ ಕ್ಲಾರಾಳಿಗೇ ಕಾಗದದಲ್ಲಿ ನೆನಪಿಸಿದ್ದಾನೆ: ಹೆಣ್ಣೊಬ್ಬಳು ಇಷ್ಟು ಗಟ್ಟಿಯಾಗಿ ಬರೆಯಬಲ್ಲಳೆಂದು ತಾನು, ಅಂದರೆ ಯೋಆಕಿಮ್, ನಂಬದೇ ಹೋದದ್ದಕ್ಕೆ ಮೆಂಡೆಲ್‌ಸನ್ ನಕ್ಕಿದ್ದನಂತೆ. ಆ ನಗೆಯನ್ನು ಮೆಚ್ಚುಗೆ ಎಂದುಕೊಳ್ಳುವುದೋ ಬಿಡುವುದೋ ಓದುಗರಿಗೆ ಬಿಟ್ಟದ್ದು. ಕ್ಲಾರಾಳೇ 1847ರಲ್ಲಿ ಗಂಡನ ಡಿ ಮೈನರ್ ಟ್ರಯೊ, ಓಪಸ್ 63, ಬಂದ ಮೇಲೆ ತನ್ನದನ್ನು ಕೀಳಾಗಿ ಕಂಡಳು. ಆ ಮಾತನ್ನು ನಂಬುವ ಅಗತ್ಯವಿಲ್ಲ. ಎರಡನ್ನೂ ಎದುರಾಬದುರು ಇಟ್ಟು ಕೇಳಿದರೆ ರಾಬರ್ಟ್‌ನದು ಹೆಚ್ಚು ಬಿರುಗಾಳಿ, ಕ್ಲಾರಾಳದು ಹೆಚ್ಚು ನಿಚ್ಚಳ. ಪಿಯಾನೋ ತಂತಿವಾದ್ಯಗಳನ್ನು ನುಂಗುವುದು ಅವಳ ಟ್ರಯೊದಲ್ಲಿ ಕಡಿಮೆ. ಕೇಳಲು ಬೋ ಆರ್ಟ್ಸ್ ಟ್ರಯೊ ಮಾಡಿದ ಧ್ವನಿಮುದ್ರಣ ಒಳ್ಳೆಯದು. ಅರ್ಧ ಗಂಟೆ ಬಿಡುವು ಇಟ್ಟುಕೊಳ್ಳಿ. ಅಷ್ಟು ಪುರುಸೊತ್ತಿಲ್ಲದಿದ್ದರೆ ಪಿಯಾನೋ ಒಂದೇ ಶುರುಮಾಡುವ ಮೂರನೇ ಭಾಗ ಅಂಡಾಂಟೆ ಮಾತ್ರ.

ಯೋಆಕಿಮ್ ದಾರಿ: ಹತ್ತೇ ನಿಮಿಷ

ಪಿಟೀಲು ವಿದ್ವಾಂಸ ಯೋಸೆಫ್ ಯೋಆಕಿಮ್‌ಗೆ ಅರ್ಪಿಸಿದ ಮೂರು ರೊಮಾನ್ಸ್‌ಗಳು, ಓಪಸ್ 22, 1853ರವು. ಡಿ ಫ್ಲಾಟ್ ಮೇಜರ್, ಜಿ ಮೈನರ್, ಬಿ ಫ್ಲಾಟ್ ಮೇಜರ್. ಇಬ್ಬರೂ ಸೇರಿ ಮುಂದೆ ಇನ್ನೂರಕ್ಕೂ ಹೆಚ್ಚು ಕಛೇರಿ ಮಾಡಿದವರು. ಹಾನೋವರ್ ಆಸ್ಥಾನದಲ್ಲಿ ಯೋಆಕಿಮ್ ಇವನ್ನು ನುಡಿಸಿದಾಗ ರಾಜ ಮೈಮರೆತಿದ್ದನಂತೆ. ಕರ್ನಾಟಕ ಶೈಲಿಯ ಪಿಟೀಲು ಕೇಳಿ ಬೆಳೆದ ಕಿವಿಗೆ ನಾಲ್ಕು ದಾರಿಗಳಲ್ಲಿ ಇದೇ ಅತಿ ಸಲೀಸು, ಏಕೆಂದರೆ ಹಾಡುವ ಸಾಲು ಎಲ್ಲೂ ಕಡಿಯುವುದಿಲ್ಲ. ಲೀಸಾ ಬಟಿಯಾಶ್ವಿಲಿ, ಆಲಿಸ್ ಸಾರಾ ಓಟ್ ಜೋಡಿಯ ಧ್ವನಿಮುದ್ರಣದಿಂದ ಶುರುಮಾಡಿ.

ಜೊತೆಗೂಡಿ ನುಡಿಸುವವರಿಗೆ ಎಚ್ಚರಿಕೆ ಮೂರನೆಯದರಲ್ಲಿ. ಪಿಯಾನೋ ತುಂಬ ಅಲೆಅಲೆಯಾದ ಬಿಡಿಸ್ವರಗಳು. ಪಿಟೀಲಿನವರು ಸಾಲಿನ ತುದಿಯಲ್ಲಿ ಉಸಿರೆಳೆದಾಗಲೆಲ್ಲ ಪಿಯಾನೋದವರು ನಿಂತು ಕಾದರೆ ಅಲೆ ಒಡೆಯುತ್ತದೆ. ಕಾಯುವುದಾದರೆ ತಾಳದ ಕೊನೆಯ ಒಂದೆರಡು ಸ್ವರವನ್ನು ಚೂರು ಹಿಗ್ಗಿಸಿ ಕಾಯಬೇಕು, ನಿಂತಲ್ಲ. ಗ್ರ್ಯಾಂಡ್ ಪಿಯಾನೋ ಆಗಿದ್ದರೆ ಮುಚ್ಚಳವನ್ನು ಚಿಕ್ಕ ಕೋಲಿಗೆ ಇಳಿಸಿ.

ಬ್ರಾಮ್ಸ್ ದಾರಿ: ಒಂದು ರಾಗ, ಇಬ್ಬರು ಬರೆದವರು

ಒಂದೇ ಸಂಜೆ ಇದೆ ಎನ್ನುವವರಿಗೆ ನಾವು ಕೊಡುವುದು ಈ ದಾರಿ.

1853ರ ಜೂನ್ 8, ಡ್ಯೂಸೆಲ್‌ಡಾರ್ಫ್. ರಾಬರ್ಟ್ ಮನೆಯಲ್ಲಿ ಕಳೆದ ಕೊನೆಯ ಹುಟ್ಟುಹಬ್ಬ. ವರ್ಷಗಟ್ಟಲೆ ಏನೂ ಬರೆಯದಿದ್ದ ಕ್ಲಾರಾ ಅವನದೇ ಒಂದು ಚಿಕ್ಕ ರಾಗ ತೆಗೆದುಕೊಂಡು ಏಳು ವೇರಿಯೇಶನ್ ಬರೆದು ಕೊಟ್ಟಳು. ಮೇಲೆ ಬರೆದ ಒಕ್ಕಣೆಯಲ್ಲಿ ಇದು ನಿನ್ನ ಹಳೆಯ ಕ್ಲಾರಾಳ ದುರ್ಬಲ ಮರುಪ್ರಯತ್ನ ಎಂಬ ಮಾತಿದೆ. ಆ ವರ್ಷದ ಸೆಪ್ಟೆಂಬರ್ ಕೊನೆಗೆ ಇಪ್ಪತ್ತರ ಬ್ರಾಮ್ಸ್ ಅವರ ಮನೆಬಾಗಿಲಿಗೆ ಬಂದ. 1854ರಲ್ಲಿ ರಾಬರ್ಟ್ ಆಸ್ಪತ್ರೆಯಲ್ಲಿದ್ದಾಗ, ಬ್ರಾಮ್ಸ್ ಅದೇ ರಾಗದ ಮೇಲೆ ಹದಿನಾರು ವೇರಿಯೇಶನ್ ಬರೆದು ಕ್ಲಾರಾಳಿಗೆ ಅರ್ಪಿಸಿದ: ಓಪಸ್ 9. ಹಸ್ತಪ್ರತಿಯ ತಲೆಬರಹದ ಅರ್ಥ, ‘ಅವನ’ ರಾಗದ ಮೇಲೆ, ‘ಅವಳಿಗೆ’. ಹೆಸರುಗಳೇ ಇಲ್ಲ. ಎರಡೂ ಕೃತಿಗಳನ್ನು ಆ ವರ್ಷವೇ ಬ್ರೈಟ್‌ಕಾಫ್ ಉಂಟ್ ಹೆರ್ಟೆಲ್ ಪ್ರಕಾಶನ ಅಚ್ಚು ಹಾಕಿತು.

ಕೇಳುವ ಕ್ರಮ ಮುಖ್ಯ. ಮೊದಲು ರಾಬರ್ಟ್‌ನ ಮೂಲ: ‘ಬುಂಟೆ ಬ್ಲೆಟರ್’, ಓಪಸ್ 99, ನಾಲ್ಕನೆಯದು, ಎಫ್ ಶಾರ್ಪ್ ಮೈನರ್. ಎರಡು ನಿಮಿಷವೂ ಇಲ್ಲ; ಎರಡು ಸಲ ಕೇಳಿ, ಗುನುಗುವಷ್ಟು ಬಾಯಿಗೆ ಬರಲಿ. ಆಮೇಲೆ ಕ್ಲಾರಾಳ ಓಪಸ್ 20, ಹತ್ತು-ಹನ್ನೊಂದು ನಿಮಿಷ. ಮೂರನೆಯದಾಗಿ ಹೆಚ್ಚಿನವರು ಹಾರಿಸಿಬಿಡುವ ಒಂದು ಮೆಟ್ಟಿಲು: ಕ್ಲಾರಾ ಹದಿಮೂರನೇ ವಯಸ್ಸಿನಲ್ಲಿ ಬರೆದು ರಾಬರ್ಟ್‌ಗೆ ಅರ್ಪಿಸಿದ ಓಪಸ್ 3ರ ಆರಂಭದ ರಾಗ. ಅರ್ಧ ನಿಮಿಷ ಕೇಳಿದರೆ ಸಾಕು. ಕೊನೆಗೆ ಬ್ರಾಮ್ಸ್‌ನ ಓಪಸ್ 9, ಹದಿನೇಳು ನಿಮಿಷದ ಆಸುಪಾಸು. ಅದರ ಹತ್ತನೇ ವೇರಿಯೇಶನ್ ಮುಗಿಯುವಲ್ಲಿ ನಡುದನಿಯಲ್ಲಿ ಮೆಲ್ಲಗೆ ಆ ಓಪಸ್ 3ರ ರಾಗ ಬಂದುಹೋಗುತ್ತದೆ. ಮೂರನೇ ಮೆಟ್ಟಿಲು ಹಾರಿಸಿದವರಿಗೆ ಅದು ಬರೀ ಇನ್ನೊಂದು ಸಾಲು. ಅಚ್ಚಾದ ಓಪಸ್ 20ರ ಕೊನೆಯಲ್ಲಿ ಕ್ಲಾರಾ ಕೂಡ ಅದೇ ಬಾಲ್ಯದ ರಾಗವನ್ನು ಒಳದನಿಯಲ್ಲಿ ಇಟ್ಟಿದ್ದಾಳೆ. ಆದ್ದರಿಂದ ಬ್ರಾಮ್ಸ್ ಮುಗಿದ ಮೇಲೆ ಓಪಸ್ 20ರ ಕಡೆಯ ಎರಡು ನಿಮಿಷ ಮತ್ತೆ ಹಾಕಿ.

ಇಬ್ಬರ ಗುಣ ಎಲ್ಲಿ ಬೇರೆಯಾಗುತ್ತದೆ? ಕೃತಿಯ ಪಲ್ಲವಿಗೆ ಸಂಗತಿ ಹಾಕುವುದು ಗೊತ್ತಿದ್ದವರಿಗೆ ಕ್ಲಾರಾಳ ರೀತಿ ಬೇಗ ಹಿಡಿಸುತ್ತದೆ. ರಾಗ ಎಲ್ಲಿದೆ ಎಂಬುದು ಯಾವಾಗಲೂ ತಿಳಿಯುತ್ತದೆ; ಸುತ್ತಲಿನ ನೇಯ್ಗೆ ಬದಲಾಗುತ್ತದೆ. ಬ್ರಾಮ್ಸ್ ಮೊದಲ ವೇರಿಯೇಶನ್‌ನಲ್ಲೇ ರಾಗವನ್ನು ಎಡಗೈಯ ತಳಕ್ಕೆ ತಳ್ಳುತ್ತಾನೆ. ಮುಂದೆ ಹೋದಂತೆ ರಾಗವೇ ಮಾಯವಾಗಿ ಅದರ ಬುಡದ ಸ್ವರಗಳೋ, ಹಾರ್ಮನಿಯ ಅಸ್ಥಿಪಂಜರವೋ ಉಳಿಯುತ್ತದೆ. ಕೆಲವನ್ನು ಹಸ್ತಪ್ರತಿಯಲ್ಲಿ ‘ಬ್ರಾಮ್ಸ್’ ಎಂದೂ ಕೆಲವನ್ನು ‘ಕ್ರೈಸ್ಲರ್’ (ಹಾಫ್‌ಮನ್ ಕಥೆಗಳ ಒಬ್ಬ ಸಂಗೀತಗಾರ) ಎಂದೂ ಸಹಿ ಮಾಡಿದ್ದಾನೆ. ಕ್ಲಾರಾಳ ಕೃತಿ ಒಂದೇ ಉಸಿರಿನದು, ಬ್ರಾಮ್ಸ್‌ನದು ಹದಿನಾರು ಮನಸ್ಥಿತಿಗಳು. ಮೊದಲ ಸಲ ಕೇಳುವವರಿಗೆ ಕ್ಲಾರಾಳದೇ ಸರಿ; ಹತ್ತು ಸಲ ಕೇಳುವವರಿಗೆ ಬ್ರಾಮ್ಸ್‌ನಲ್ಲಿ ಇನ್ನೂ ಉಳಿದಿರುತ್ತದೆ.

ಇನ್ನು ನುಡಿಸುವವರಿಗೆ. ಎರಡರಲ್ಲಿ ಓಪಸ್ 20 ಕೈಗೆ ಹತ್ತಿರ. ಬರೆದವಳು ಪಿಯಾನೋ ಮುಂದೆ ಕೂತೇ ಬರೆದದ್ದೆಂದು ಬೆರಳಿಗೆ ಗೊತ್ತಾಗುತ್ತದೆ. ಆದರೂ ಹಗುರ ಅಂದುಕೊಳ್ಳಬೇಡಿ. ರಾಗವನ್ನು ಶುರುಮಾಡುವ ವೇಗದಲ್ಲೇ ಅರ್ಧ ಜನ ಸೋಲುತ್ತಾರೆ. ದುಃಖದ ಕೃತಿ ಎಂದು ಎಳೆದೆಳೆದು ಶುರುಮಾಡಿದರೆ ಮೂರನೆಯದು, ಅಂದರೆ ಎಫ್ ಶಾರ್ಪ್ ಮೇಜರ್‌ಗೆ ತಿರುಗುವ ನಿಧಾನದ ವೇರಿಯೇಶನ್, ನಿಂತೇಹೋಗುತ್ತದೆ. ಮೊದಲು ಮೂರನೆಯದಕ್ಕೆ ಹಿತವಾದ ವೇಗ ಕಂಡುಕೊಳ್ಳಿ, ಆಮೇಲೆ ರಾಗದ ವೇಗ ಅದಕ್ಕೆ ಹೊಂದಿಸಿ.

ಎರಡನೆಯದು ಚುಟುಕು ಹೊಡೆತದ ಹದಿನಾರನೇ ಭಾಗದ ಸ್ವರಗಳು. ಪೆಡಲ್ ಮುಟ್ಟಲೇಬೇಡಿ, ಮುಟ್ಟಿದರೆ ಮಳೆಹನಿ ಹೋಗಿ ಕೆಸರಾಗುತ್ತದೆ. ನಾಲ್ಕನೆಯದರಲ್ಲಿ ರಾಗ ಕೆಳಗಿನ ದನಿಗೆ ಇಳಿದು, ಬಲಗೈ ಮೇಲೆ ಜರಿ ನೇಯುತ್ತದೆ. ಬಲಗೈ ಹೆಚ್ಚು ಕೆಲಸ ಮಾಡುವುದರಿಂದ ತಾನಾಗಿಯೇ ಜೋರಾಗುತ್ತದೆ, ರಾಗ ಹೂತುಹೋಗುತ್ತದೆ. ಬಲಗೈಯನ್ನು ಕೀಲಿಯ ಮೇಲೆ ಸದ್ದು ಬರದಂತೆ ಬರೀ ಸವರಿಸಿ, ಎಡಗೈ ರಾಗವನ್ನು ಪೂರಾ ದನಿಯಲ್ಲಿ ನುಡಿಸುವುದು ಇದಕ್ಕೆ ಮದ್ದು. ಕಷ್ಟದ್ದು ಐದನೆಯದು: ಎಡಗೈಯಲ್ಲಿ ವೇಗದ ಆಕ್ಟೇವ್‌ಗಳು. ಮಣಿಕಟ್ಟು ಬಿಗಿಯಾಗಿ ಮೊಣಕೈವರೆಗೆ ನೋವು ಏರುವುದು ಇಲ್ಲೇ. ಹೆಬ್ಬೆರಳಿನ ಸಾಲು ಮಾತ್ರ ನಾಲ್ಕು ಸಲ, ಕಿರುಬೆರಳಿನ ಸಾಲು ಮಾತ್ರ ನಾಲ್ಕು ಸಲ, ಆಮೇಲೆ ಎರಡೂ ಸೇರಿಸಿ ಅರ್ಧ ವೇಗದಲ್ಲಿ. ನೋವು ಕಂಡ ಕೂಡಲೇ ಆ ದಿನದ ಮಟ್ಟಿಗೆ ಐದನೆಯದು ಬಂದ್. ಆರನೆಯದು ಕ್ಯಾನನ್, ಒಂದು ದನಿ ಹಾಡಿದ್ದನ್ನು ಇನ್ನೊಂದು ಹಿಂದೆಯೇ ಹಾಡುತ್ತದೆ. ಹಿಂಬಾಲಿಸುವ ದನಿಯನ್ನು ಬಾಯಲ್ಲಿ ಹಾಡಿಕೊಂಡು ಮುಂದಿನ ದನಿಯನ್ನು ಬೆರಳಲ್ಲಿ ನುಡಿಸಲು ಬಂದರೆ ಕಲಿತಂತೆ. ಏಳನೆಯದು ವೀಣೆ ಮೀಟಿದ ಹಾಗೆ ಹರಿಯುವ ಬಿಡಿಸ್ವರಗಳು. ಪೆಡಲ್ ಹಾರ್ಮನಿ ಬದಲಾದಾಗ ಬದಲಾಗಬೇಕು, ಗೆರೆ ಬಂದಾಗಲ್ಲ. ಮುಗಿಯುವುದು ಮೇಜರ್‌ನಲ್ಲಿ, ಮೆಲ್ಲಗೆ.

ನಿಮಗೆ ಯಾವುದು?

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಟ್ರಿನಿಟಿ, ಎಬಿಆರ್‌ಎಸ್‌ಎಂ ಸಂಗೀತ ಪರೀಕ್ಷೆಗಳ ಗ್ರೇಡ್‌ಗಳಿಗೆ ಕಲಿಯುತ್ತಿರುವವರಿಗೆ ನಮ್ಮ ಅಂದಾಜು ಇದು: ಆರು-ಏಳನೇ ಗ್ರೇಡ್ ದಾಟಿದವರು ಓಪಸ್ 15ರ ಮೊದಲನೆಯದನ್ನು, ಎಫ್ ಮೇಜರ್ ಲಾರ್ಗೆಟೊ, ಹಿಡಿಯಬಹುದು. ಎಂಟನೇ ಗ್ರೇಡ್‌ನವರಿಗೆ ಓಪಸ್ 6ರ ನಾಕ್ಟರ್ನ್, ಅಥವಾ ಬ್ರಾಮ್ಸ್‌ಗೆ ಅರ್ಪಿಸಿದ ಓಪಸ್ 21ರ ರೊಮಾನ್ಸ್‌ಗಳಲ್ಲಿ ನಡುವಿನ ಪುಟ್ಟ ಎಫ್ ಮೇಜರ್. ಓಪಸ್ 20 ಡಿಪ್ಲೊಮಾ ಮಟ್ಟದ್ದು. ಓಪಸ್ 9ಕ್ಕೆ ಕೈ ಹಾಕುವ ಮೊದಲು ಓಪಸ್ 20 ಮುಗಿಸಿ. 61 ಕೀಲಿಯ ಕೀಬೋರ್ಡ್‌ನಲ್ಲಿ ಇವು ಯಾವುದೂ ಆಗುವುದಿಲ್ಲ, ಎಡಗೈ ಕೆಳಗೆ ಹೋಗಲು ಜಾಗ ಸಾಲದು. 88 ಕೀಲಿ, ತೂಕದ ಕೀಲಿ, ಜಾರದ ಪೆಡಲ್ ಇರುವ ಡಿಜಿಟಲ್ ಪಿಯಾನೋ ಆದರೂ ಬೇಕು. ಹಳೆಯ ಮುದ್ರಣಗಳ ಸ್ವರಲಿಪಿ ಐಎಂಎಸ್‌ಎಲ್‌ಪಿ ಎಂಬ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಅಲ್ಲಿ ‘ಶೂಮನ್, ಕ್ಲಾರಾ’ ಪುಟದಲ್ಲೇ ಇದ್ದೀರೆಂದು ನೋಡಿಕೊಂಡು ಇಳಿಸಿ.

ಹಾಡುವವರಿಗೆ ಬೇರೆಯೇ ಬಾಗಿಲು: 1841ರಲ್ಲಿ ಗಂಡಹೆಂಡಿರು ಒಟ್ಟಿಗೆ ಅಚ್ಚು ಹಾಕಿಸಿದ ರ್‍ಯೂಕರ್ಟ್ ಕವಿತೆಗಳ ಹನ್ನೆರಡು ಹಾಡು. ಅದರಲ್ಲಿ 2, 4, 11 ಕ್ಲಾರಾಳವು. ಸಂಖ್ಯೆ ನೋಡದೆ ಕೇಳಿ ಯಾವುದು ಯಾರದೆಂದು ಊಹಿಸಿ.

ಪಿಯಾನೋ ವಿದ್ವಾಂಸ ಫ್ರಾಂಜ್ ಲಿಸ್ಟ್‌ನ ದಾರಿ ಯಾಕಿಲ್ಲ ಎಂದರೆ, ಅವನು ತನ್ನ ಪಗನಿನಿ ಎಟ್ಯೂಡ್‌ಗಳನ್ನು ಕ್ಲಾರಾಳಿಗೆ ಅರ್ಪಿಸಿದ್ದು ನಿಜ, ಆದರೆ ಆಕೆಗೆ ಮುಂದೆ ಅವನ ಸಂಗೀತ ಸೇರಲೇ ಇಲ್ಲ. ಒಮ್ಮುಖದ ನಂಟು.

ಕೊನೆಯದಾಗಿ, ಐದನೇ ವೇರಿಯೇಶನ್‌ನ ಪರಿಪಾಟಲು ಬಲಗೈಗೂ ದಾಟಿ ಕೆಲವು ವಾರ ಅದಕ್ಕೆ ಬಿಡುವು ಕೊಡಬೇಕಾಗಿ ಬಂದರೆ ಬ್ರಾಮ್ಸ್ ಅದಕ್ಕೂ ಒಂದು ಇಟ್ಟಿದ್ದಾನೆ. 1877ರಲ್ಲಿ ಬಾಕ್‌ನ ಒಂಟಿ ಪಿಟೀಲಿನ ಡಿ ಮೈನರ್ ಚಕೋನ್ ಅನ್ನು ಎಡಗೈಗೆ ಮಾತ್ರ ಬರೆದು ಕ್ಲಾರಾಳಿಗೆ ಕಳಿಸಿದ. ಅದು ಕೈಸೇರುವ ಹೊತ್ತಿಗೆ ಆಕೆ ಡ್ರಾಯರ್ ಎಳೆಯಲು ಹೋಗಿ ಬಲಗೈಯ ಸ್ನಾಯು ಎಳೆದುಕೊಂಡು ಕೂತಿದ್ದಳು.